ಹುಡುಕುಯಂತ್ರದ ಒಡಲಲ್ಲಿ ಅಡಗಿದ ಆಟಗಳು

2010ನೆಯ ಇಸವಿಯ ಮೇ ತಿಂಗಳ 21ರಂದು, ಶುಕ್ರವಾರ, ಏನನ್ನೋ ಹುಡುಕಲೆಂದು ಗೂಗಲ್ ಪುಟವನ್ನು ತೆರೆದವರಿಗೆ ಒಂದು ಸೋಜಿಗ ಕಾದಿತ್ತು. ದಿನವೂ ಬಣ್ಣಬಣ್ಣದ ಆರು ಅಕ್ಷರಗಳಲ್ಲಿ ಸಂಸ್ಥೆಯ ಹೆಸರು ಮೆರೆಯುತ್ತಿದ್ದ ಎಡೆಯಲ್ಲಿ ಅಂದು ಕವಲುದಾರಿಗಳ ಒಂದು ಚಕ್ರವ್ಯೂಹ ಕಾಣಿಸಿತು. ದಿಟ್ಟಿಸಿ ನೋಡಿದರೆ ವ್ಯೂಹದ ಗೋಡೆಗಳೇ ಸೇರಿ ಸಂಸ್ಥೆಯ ಹೆಸರನ್ನು ಬರೆದಿದ್ದವು. ಅದರ ಕೆಳಗೆ ಎಂದಿನಂತೆ ಇರಬೇಕಾಗಿದ್ದ ಎರಡು ಗುಂಡಿಗಳಲ್ಲಿ ಒಂದು ಮಾಯವಾಗಿ, ಅದರ ಸ್ಥಾನದಲ್ಲಿ ‘ನಾಣ್ಯ ಹಾಕಿರಿ’ ಎಂಬರ್ಥದ ಇಂಗ್ಲಿಷ್ ಬರಹ ಹೊತ್ತ ಇನ್ನೊಂದು ಗುಂಡಿ ಬಂದು ಕುಳಿತಿತ್ತು. ಕುತೂಹಲದಿಂದ ಅದನ್ನು ಒತ್ತಿದ್ದೇ ತಡ, ಹಳದಿಯ ದುಂಡುಮುಖವೊಂದು ಬಾಯಿ ತೆರೆದು ಮುಚ್ಚುತ್ತ ವ್ಯೂಹದೊಳಗೆ ಓಡತೊಡಗಿತು. ನಾಲ್ಕು ಭೂತಗಳು ಅದರ ಬೆನ್ನಟ್ಟಿದವು. ಯಾವ ನಾಣ್ಯವನ್ನೂ ಹಾಕಬೇಕಾಗಿರಲಿಲ್ಲ. ಅಂದು ಪ್ಯಾಕ್-ಮ್ಯಾನ್ ಎಂಬ ಲೋಕಪ್ರಸಿದ್ಧ ಆಟದ ಮೂವತ್ತನೆಯ ಹುಟ್ಟುಹಬ್ಬದ ಮುನ್ನಾದಿನ.

ಈ ಪ್ಯಾಕ್-ಮ್ಯಾನ್ ಜಪಾನಿನ ಕೂಸು. ನಾಮ್ಕೊ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ತೋರು ಇವಾತಾನಿ ಎಂಬ ತರುಣ ಅದರ ಜನಕ. ಆಗ ಆಟದ ಅಂಗಡಿಗಳ ತುಂಬ ಇದ್ದದ್ದು ಗುಂಡು ಹಾರಿಸುವ, ಶತ್ರುವನ್ನು ಕೆಡಹುವ ಆಟಗಳೇ. ಅಲ್ಲಿಗೆ ಬರುತ್ತಿದ್ದವರೂ ಬಹುಪಾಲು ಗಂಡಸರೇ. ಹೆಂಗಸರೂ ಜೋಡಿಗಳೂ ಬಂದು ನಲಿಯುವಂತಹ ಆಟವೊಂದು ಬೇಕೆಂದು ಇವಾತಾನಿ ಯೋಚಿಸಿದ. ಕೊಲ್ಲುವುದಕ್ಕೆ ಬದಲಾಗಿ ತಿನ್ನುವುದನ್ನು ವಸ್ತುವಾಗಿ ಆರಿಸಿಕೊಂಡ. ಒಂದು ತುಂಡು ತೆಗೆದ ದುಂಡನೆಯ ಪೀಟ್ಸಾ ಅವನ ನಾಯಕನ ಮುಖವಾಯಿತು. ಬೆನ್ನಟ್ಟುವ ಭೂತಗಳಿಗೂ ಅವನು ಬೇರೆ ಬೇರೆ ಸ್ವಭಾವಗಳನ್ನು ಕೊಟ್ಟ. ಕೆಂಪು ಭೂತ ಹಿಂದಿನಿಂದ ನೇರವಾಗಿ ಅಟ್ಟಿಬರುತ್ತದೆ. ನಸುಗೆಂಪಿನದು ಮುಂದೆ ಹೋಗಿ ದಾರಿ ಕಟ್ಟುತ್ತದೆ. ನೀಲಿಯದು ಯಾವಾಗ ಎತ್ತ ತಿರುಗುವುದೋ ತಿಳಿಯದು. ಕಿತ್ತಳೆ ಬಣ್ಣದ್ದು ಹತ್ತಿರ ಬಂದಂತೆ ಅಂಜಿ ತನ್ನ ಮೂಲೆಗೆ ಸರಿಯುತ್ತದೆ. ನಾಲ್ಕು ಚುಕ್ಕೆಗಳ ಈ ಚೇಷ್ಟೆಯಲ್ಲಿ ನಾಲ್ವರು ಮನುಷ್ಯರ ಗುಣವನ್ನು ಕಂಡು ಜನ ಮೂವತ್ತು ವರ್ಷಗಳ ಬಳಿಕವೂ ಬೇಸರಪಡಲಿಲ್ಲವೆಂದರೆ ಆ ಕಲ್ಪನೆಯ ಕಸುವನ್ನು ಊಹಿಸಬಹುದು.

ಗೂಗಲ್‌ನ ಪುಟದಲ್ಲಿ ಅದನ್ನು ಮರಳಿ ಕಟ್ಟಿದವರು ರಯಾನ್ ಜರ್ಮಿಕ್ ಎಂಬ ಚಿತ್ರಗಾರ ಹಾಗೂ ಮಾರ್ಚಿನ್ ವಿಖಾರಿ ಎಂಬ ತಂತ್ರಜ್ಞ. ಇವರು ಹಳೆಯ ಆಟದ ಗುಣಗಳನ್ನಷ್ಟೇ ಅಲ್ಲ, ಅದರ ದೋಷಗಳನ್ನೂ ಬಿಡದೆ ನಕಲು ಮಾಡಿದರು. 1980ರ ಯಂತ್ರದಲ್ಲಿ ಆಟದ ಹಂತಗಳನ್ನು ಎಣಿಸಲು ಮೀಸಲಾಗಿದ್ದ ಜಾಗ ಬಹಳ ಕಿರಿದು. 255ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಯುತ್ತಿರಲಿಲ್ಲ. ಹೀಗಾಗಿ 256ನೆಯ ಹಂತವನ್ನು ಮುಟ್ಟಿದ ಮಹಾಶೂರನ ಕಣ್ಣೆದುರು ಅರ್ಧ ಪರದೆ ಕಲಸುಮೇಲೋಗರವಾಗಿ, ಆಟ ಮುಂದೆ ಸಾಗದೆ ಅಲ್ಲಿಗೇ ನಿಲ್ಲುತ್ತಿತ್ತು. ಆ ಅಸಂಬದ್ಧವೂ ಹೊಸ ಆಟದಲ್ಲಿ ಉಳಿದುಕೊಂಡಿತು. ಇಷ್ಟಲ್ಲದೆ, ನಾಣ್ಯದ ಗುಂಡಿಯನ್ನು ಎರಡನೆಯ ಸಲ ಒತ್ತಿದರೆ ಶ್ರೀಮತಿ ಪ್ಯಾಕ್-ಮ್ಯಾನ್ ಕೂಡ ಪ್ರತ್ಯಕ್ಷಳಾಗುತ್ತಿದ್ದಳು. ಒಂದೇ ಕೀಲಿಮಣೆಯ ಮುಂದೆ ಇಬ್ಬರು ಕುಳಿತು ಜೊತೆಯಾಗಿ ಆಡಬಹುದಾಗಿತ್ತು. ಈ ಎರಡನೆಯ ಒತ್ತಿನ ಗುಟ್ಟನ್ನು ಪುಟದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಕಂಡುಕೊಂಡವರು ಪಕ್ಕದವರಿಗೆ ಹೇಳಿದರು, ಪಕ್ಕದವರು ಮತ್ತೊಬ್ಬರಿಗೆ.

ಎರಡು ದಿನಗಳ ಈ ಸಂಭ್ರಮದಲ್ಲಿ ಫಜೀತಿಗಳೂ ಇಲ್ಲದಿರಲಿಲ್ಲ. ಆಟವನ್ನೇ ಮುಟ್ಟದ ಕೆಲವರ ಗಣಕಯಂತ್ರಗಳು ಇದ್ದಕ್ಕಿದ್ದಂತೆ ಸೈರನ್ನಿನಂತೆ ಊಳಿಡತೊಡಗಿದವು. ಯಂತ್ರಕ್ಕೆ ರೋಗ ತಗುಲಿತೆಂದು ಜನ ಗಾಬರಿಯಾದರು. ಫೈರ್‌ಫಾಕ್ಸ್ ಬ್ರೌಸರಿಗೆ ಅಂಟಿಸಿಕೊಂಡಿದ್ದ ಒಂದು ಉಪಕರಣವು ಗೂಗಲ್ ಪುಟವನ್ನು ಕಣ್ಣಿಗೆ ಬೀಳದಂತೆ ತೆರೆಯುತ್ತಿತ್ತೆಂದೂ, ತೆರೆಯ ಮರೆಯಲ್ಲಿ ಪ್ಯಾಕ್-ಮ್ಯಾನ್ ತಾನೇ ತಾನಾಗಿ ಆರಂಭವಾಗಿ ಗದ್ದಲ ಮಾಡುತ್ತಿದ್ದನೆಂದೂ ಆಮೇಲೆ ಗೊತ್ತಾಯಿತು. ಇನ್ನು ಕಾಲಹರಣದ ಲೆಕ್ಕ. ಕೆಲಸದ ಹೊತ್ತನ್ನು ಅಳೆದುಕೊಡುವ ರೆಸ್ಕ್ಯೂಟೈಮ್ ಎಂಬ ಸಂಸ್ಥೆ, ಈ ಆಟದಿಂದ ಜಗತ್ತಿನ ಜನ ಸುಮಾರು 48 ಲಕ್ಷ ಗಂಟೆಗಳನ್ನು ಕಳೆದರೆಂದೂ, ಇದರಿಂದಾದ ನಷ್ಟ 12 ಕೋಟಿ ಡಾಲರ್‌ಗಳೆಂದೂ ಘೋಷಿಸಿತು. ಕೇಳುವವರ ಎದೆ ಝಲ್ಲೆನ್ನಬೇಕು. ಆದರೆ ಒಬ್ಬೊಬ್ಬರ ಪಾಲಿಗೆ ಬಂದ ಹೆಚ್ಚಿನ ಹೊತ್ತು ಸರಾಸರಿ 36 ಸೆಕೆಂಡು ಮಾತ್ರ. ಅದೂ ಆ ಸಂಸ್ಥೆಯ ಸುಮಾರು 11,000 ಗಿರಾಕಿಗಳ ನಡವಳಿಕೆಯನ್ನು ನೋಡಿ, 50 ಕೋಟಿ ಜನಕ್ಕೆ ಗುಣಿಸಿ ಪಡೆದ ಫಲ. ಹೊತ್ತನ್ನು ಅಳೆಯುವ ಸಾಧನವನ್ನೇ ಮಾರುವವರು ಹೇಳಿದ ಲೆಕ್ಕವೆಂಬುದನ್ನೂ ಮರೆಯುವಂತಿಲ್ಲ. ಒಂದು ಲೋಟ ನೀರು ಕುಡಿದು ಬರುವಷ್ಟು ಹೊತ್ತಿಗೆ ಇಷ್ಟೊಂದು ಶೋಕವೇ?

ಜನರ ಒತ್ತಾಯದಿಂದ ಆ ಆಟಕ್ಕೆ ಪ್ರತ್ಯೇಕ ಪುಟವೊಂದು ದೊರೆತು ಅದು ಉಳಿಯಿತು. ಹಬ್ಬಹರಿದಿನಗಳಂದು ಸಂಸ್ಥೆಯ ಹೆಸರಿಗೆ ತೊಡಿಸುವ ಇಂತಹ ಚಿತ್ರಗಳಿಗೆ ‘ಡೂಡಲ್’ ಎಂದು ಹೆಸರು. ಕಳೆದ ಡೂಡಲ್‌ಗಳನ್ನೆಲ್ಲ ಕೂಡಿಟ್ಟ ಭಂಡಾರದಲ್ಲಿ ಪ್ಯಾಕ್-ಮ್ಯಾನ್‌ನ ಹಿಂದೆಯೇ ಅನೇಕ ಆಟಗಳು ಬಂದು ಸೇರಿವೆ. 2017ರ ಜೂನ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಪಂದ್ಯಗಳು ಆರಂಭವಾದಾಗ ಬಂದದ್ದು ಕ್ರಿಕೆಟ್ ಆಟ. ಇಂಗ್ಲಿಷಿನಲ್ಲಿ ಕ್ರಿಕೆಟ್ ಎಂದರೆ ಇರುಳಿನಲ್ಲಿ ಕಿರ್ರೆನ್ನುವ ಚಿಮ್ಮಂಡೆಯೂ ಹೌದಷ್ಟೆ; ಆದ್ದರಿಂದ ಅಲ್ಲಿ ಬ್ಯಾಟು ಬೀಸುವುದು ಚಿಮ್ಮಂಡೆಗಳು, ಚೆಂಡು ಎಸೆದು ಹಿಡಿಯುವುದು ಬಸವನಹುಳುಗಳು. ಬಸವನಹುಳು ಚೆಂಡಿನ ಹಿಂದೆ ಓಡುವ ವೇಗವನ್ನು ಕಂಡ ಬ್ಯಾಟುಗಾರನಿಗೆ ಓಟ ಕದಿಯುವುದರಲ್ಲಿ ಯಾವ ಅಂಜಿಕೆಯೂ ಇರಬೇಕಾಗಿಲ್ಲ! ಮಂದಗತಿಯ ಮೊಬೈಲ್ ಸಂಪರ್ಕದಲ್ಲಿಯೂ ಬೇಗ ತೆರೆದುಕೊಳ್ಳುವಂತೆ ಇದನ್ನು ತೀರ ಹಗುರವಾಗಿ ಕಟ್ಟಿದ್ದರು.

ಭಂಡಾರಕ್ಕೆ ಹೋಗದೆಯೇ, ಹುಡುಕುವ ಪೆಟ್ಟಿಗೆಯಲ್ಲಿ ಆಟದ ಹೆಸರನ್ನು ಬರೆದೊಡನೆ ಫಲಿತಾಂಶಗಳ ತಲೆಯ ಮೇಲೆಯೇ ಆಟದ ಹಲಗೆ ಬಿಚ್ಚಿಕೊಳ್ಳುವ ಏರ್ಪಾಟೂ ಬಂತು. 2016ರ ಆಗಸ್ಟ್‌ನಲ್ಲಿ ಒಬ್ಬರೇ ಕುಳಿತು ಆಡುವ ಸಾಲಿಟೇರ್ ಇಸ್ಪೀಟು, ಶಾಲೆಯ ಮಕ್ಕಳು ನೋಟುಪುಸ್ತಕದ ಕಡೆಯ ಹಾಳೆಯಲ್ಲಿ ಸೊನ್ನೆಯನ್ನೂ ಕತ್ತರಿ ಗುರುತನ್ನೂ ಹಾಕಿ ಆಡುವ ಟಿಕ್-ಟ್ಯಾಕ್-ಟೋ, ಇವೆರಡೂ ಹೀಗೆ ಸೇರಿದವು. ಹಾವಿನಾಟ, ಮೈನ್‌ಸ್ವೀಪರ್ ಮುಂತಾದವು ಬಳಿಕ. ಟಿಕ್-ಟ್ಯಾಕ್-ಟೋದಲ್ಲಿ ಎದುರಾಳಿಯಾದ ಯಂತ್ರಕ್ಕೆ ಸುಲಭ, ಮಧ್ಯಮ, ಅಸಾಧ್ಯ ಎಂದು ಮೂರು ಮಟ್ಟಗಳು. ಅಸಾಧ್ಯವೆಂದರೆ ಅಕ್ಷರಶಃ ಅಸಾಧ್ಯವೇ. ಈ ಆಟದಲ್ಲಿ ತಪ್ಪು ಮಾಡದವನನ್ನು ಯಾರೂ ಸೋಲಿಸಲಾಗದು, ಯಂತ್ರವೋ ತಪ್ಪು ಮಾಡುವುದಿಲ್ಲ. ಹಟ ಹಿಡಿದು ಕುಳಿತ ಮಗುವಿಗೆ ಈ ವಿಷಯವನ್ನು ಮೊದಲೇ ತಿಳಿಸಿಬಿಡುವುದು ಲೇಸು.

ಹಿರಿಯರು ಗಮನಿಸಬೇಕಾದ ಇನ್ನೊಂದು ಮಾತೂ ಇದೆ. ಗೂಗಲ್ ಸ್ವತಃ ಇಟ್ಟ ಈ ಆಟಗಳಿಗೆ ಹಣವಿಲ್ಲ, ಯಂತ್ರಕ್ಕೆ ಏನನ್ನೂ ಇಳಿಸಿಕೊಳ್ಳಬೇಕಾಗಿಯೂ ಇಲ್ಲ. ಆದರೆ ಇವುಗಳದೇ ಹೆಸರು, ಇವುಗಳದೇ ರೂಪ ಹೊತ್ತ ನಕಲು ತಾಣಗಳು ಹೇರಳ. ಅಲ್ಲಿ ಆಟಕ್ಕಿಂತ ಜಾಹೀರಾತುಗಳೇ ಹೆಚ್ಚು. ಆಟವಾಡುವ ಮುನ್ನ ಏನನ್ನಾದರೂ ಇಳಿಸಿಕೊಳ್ಳಲು ಹೇಳಿದರೆ, ಅದು ಬೇರೆಯವರ ಮನೆಯೆಂದು ತಿಳಿದು ಹಿಂದಿರುಗಬೇಕು.

ಬಚ್ಚಿಟ್ಟ ಹೆಸರು

ಯಂತ್ರದೊಳಗೆ ಹೀಗೆ ಅಡಗಿಸಿಟ್ಟ ವಿನೋದಗಳಿಗೆ ಪಶ್ಚಿಮದವರು ‘ಈಸ್ಟರ್ ಮೊಟ್ಟೆ’ ಎನ್ನುತ್ತಾರೆ. ಕ್ರೈಸ್ತರ ಈಸ್ಟರ್ ಹಬ್ಬದಂದು ದೊಡ್ಡವರು ಬಣ್ಣ ಬಳಿದ ಮೊಟ್ಟೆಗಳನ್ನು ಹಿತ್ತಲಿನ ಪೊದೆಗಳಲ್ಲಿ ಬಚ್ಚಿಡುವುದು, ಮಕ್ಕಳು ಬುಟ್ಟಿ ಹಿಡಿದು ಹುಡುಕುವುದು ವಾಡಿಕೆ. ಹೆಸರು ಇಷ್ಟು ಮುದ್ದಾಗಿದ್ದರೂ ಅದು ಹುಟ್ಟಿದ್ದು ಹಬ್ಬದ ಸಡಗರದಲ್ಲಲ್ಲ. ಒಬ್ಬ ಕೆಲಸಗಾರನ ಮನನೋವಿನಲ್ಲಿ.

ಅಮೆರಿಕದ ಅಟಾರಿ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಆಟಗಳನ್ನು ಮಾರಿ ಅಪಾರ ಸಂಪತ್ತನ್ನು ಗಳಿಸುತ್ತಿತ್ತು. ಒಂದೊಂದು ಆಟವನ್ನೂ ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಕಲ್ಪಿಸಿ, ಚಿತ್ರಿಸಿ, ಬರೆಯುತ್ತಿದ್ದ ಕಾಲವದು. ಆದರೂ ಪೆಟ್ಟಿಗೆಯ ಮೇಲಾಗಲಿ ಪರದೆಯ ಮೇಲಾಗಲಿ ಅವನ ಹೆಸರು ಕಾಣಿಸಕೂಡದೆಂಬುದು ಸಂಸ್ಥೆಯ ಕಟ್ಟಳೆ. ಮಾರಾಟದ ಲಾಭದಲ್ಲಿ ಪಾಲೂ ಇಲ್ಲ, ಸಂಬಳವಷ್ಟೇ. ಬೇಲೂರಿನ ಮದನಿಕೆಯ ಕಾಲ ಕೆಳಗೆ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹನ್ನೆರಡನೆಯ ಶತಮಾನದಲ್ಲಿಯೇ ಹೆಮ್ಮೆಯಿಂದ ತಮ್ಮ ಹೆಸರನ್ನು ಕೆತ್ತಿದ್ದಾರೆ. ಹೊಯ್ಸಳ ದೊರೆಗೆ ಅದರಿಂದ ಏನೂ ಕುಂದಾಗಲಿಲ್ಲ. ಇಪ್ಪತ್ತನೆಯ ಶತಮಾನದ ಕಂಪನಿಗೆ ಆ ಔದಾರ್ಯ ಸಾಲದಾಯಿತು.

ಅಲ್ಲಿ ದುಡಿಯುತ್ತಿದ್ದ ವಾರೆನ್ ರಾಬಿನೆಟ್ ಎಂಬ ತರುಣ ‘ಅಡ್ವೆಂಚರ್’ ಎಂಬ ಆಟವನ್ನು ರಚಿಸಿದ. ಮೂರು ಕೋಟೆಗಳು, ಬಾತುಕೋಳಿಯಂತೆ ಕಾಣುವ ಘಟಸರ್ಪಗಳು, ಕಳೆದುಹೋದ ಒಂದು ಮಂತ್ರದ ಬಟ್ಟಲು. ಬಟ್ಟಲನ್ನು ಹುಡುಕಿ ಬಂಗಾರದ ಕೋಟೆಗೆ ತರಬೇಕು. ನಾಯಕನಾದರೋ ಒಂದು ಚಚ್ಚೌಕ ಚುಕ್ಕೆ. ಇವೆಲ್ಲಕ್ಕೂ ಒಟ್ಟು ದೊರೆತ ಸ್ಮೃತಿಸ್ಥಳ ನಾಲ್ಕು ಕಿಲೋಬೈಟ್ ಮಾತ್ರ. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ನೂರಾರು ಪಾಲು ದೊಡ್ಡದು. ಅಷ್ಟು ಇಕ್ಕಟ್ಟಿನಲ್ಲಿಯೂ ರಾಬಿನೆಟ್ ಯಾರಿಗೂ ಹೇಳದೆ ಒಂದು ಕೋಣೆಗೆ ಜಾಗ ಮಾಡಿದ. ಕಪ್ಪು ಕೋಟೆಯೊಳಗಿನ ಜಟಿಲ ದಾರಿಗಳಲ್ಲಿ, ಹಿನ್ನೆಲೆಯದೇ ಬೂದು ಬಣ್ಣದ, ಕಣ್ಣಿಗೆ ಬೀಳದಷ್ಟು ಚಿಕ್ಕದಾದ ಚುಕ್ಕೆಯೊಂದನ್ನಿಟ್ಟ. ಆ ಚುಕ್ಕೆಯನ್ನು ಹೊತ್ತು ಗೊತ್ತಾದ ಜಾಗಕ್ಕೆ ತಂದರೆ ಗೋಡೆಯೊಂದು ದಾರಿ ಬಿಡುತ್ತದೆ. ಒಳಗೆ ಬಣ್ಣ ಬದಲಿಸುತ್ತ ಹೊಳೆಯುವ ಅಕ್ಷರಗಳಲ್ಲಿ ‘ರಚಿಸಿದವನು ವಾರೆನ್ ರಾಬಿನೆಟ್’ ಎಂಬ ಬರಹ. 1979ರಲ್ಲಿ ಅವನು ಕೆಲಸ ಬಿಟ್ಟು ಹೊರಟಾಗ ಈ ವಿಷಯ ಮೇಲಧಿಕಾರಿಗಳಿಗಾಗಲಿ ಜೊತೆಗಾರರಿಗಾಗಲಿ ಗೊತ್ತಿರಲಿಲ್ಲ.

ಆಟ ಮಾರುಕಟ್ಟೆಗೆ ಬಂದು ಲಕ್ಷಗಟ್ಟಲೆ ಮನೆಗಳನ್ನು ಹೊಕ್ಕ ಬಳಿಕ, ಹದಿನೈದು ವರ್ಷದ ಅಮೆರಿಕನ್ ಹುಡುಗನೊಬ್ಬ ಆ ಚುಕ್ಕೆಯನ್ನು ಕಂಡುಹಿಡಿದು, ಕೋಣೆಯನ್ನು ಹೊಕ್ಕು, ಸಂಸ್ಥೆಗೇ ಕಾಗದ ಬರೆದ! ಮೊದಲು ಬಂದದ್ದು ಸಿಟ್ಟು. ಆದರೆ ಅಚ್ಚನ್ನು ಹೊಸದಾಗಿ ಮಾಡಿಸುವುದು ದುಬಾರಿಯ ಕೆಲಸ. ಅಷ್ಟರಲ್ಲಿ ಸ್ಟೀವ್ ರೈಟ್ ಎಂಬ ಅಧಿಕಾರಿ, ಇದು ಈಸ್ಟರ್ ಮೊಟ್ಟೆ ಹುಡುಕಿದಂತೆಯೇ ಇದೆ, ಗಿರಾಕಿಗಳಿಗೂ ಸಂತೋಷ, ಇರಲಿ ಎಂದ. ಆ ಹೆಸರೇ ನಿಂತಿತು. ಅದೇ 1979ರಲ್ಲಿ ಅಟಾರಿಯ ಇನ್ನೂ ನಾಲ್ವರು ಆಟಗಾರರು, ಅಂದರೆ ಆಟ ಕಟ್ಟುವವರು, ಹೊರಬಿದ್ದು ಆ್ಯಕ್ಟಿವಿಷನ್ ಎಂಬ ಸಂಸ್ಥೆ ಕಟ್ಟುವುದರಲ್ಲಿ ಸೇರಿದರು. ಅವರು ಹೊರತಂದ ಆಟಗಳ ಜೊತೆ ರಚಿಸಿದವನ ಹೆಸರೂ ಅಚ್ಚಾಗಿ ಬಂತು.

ಮಾಯವಾದ ಇಟ್ಟಿಗೆಗಳು

ಹುಡುಕುಯಂತ್ರದಲ್ಲಿ ಅಡಗಿದ್ದ ಆಟಗಳ ಪೈಕಿ ಸೊಗಸಿನಲ್ಲಿ ಮೇಲಾದದ್ದು, ಬಹುಶಃ, 2013ರಲ್ಲಿ ಬಂದ ‘ಬ್ರೇಕ್‌ಔಟ್’. ಚಿತ್ರಗಳನ್ನು ಹುಡುಕುವ ವಿಭಾಗದಲ್ಲಿ ‘ಅಟಾರಿ ಬ್ರೇಕ್‌ಔಟ್’ ಎಂದು ಬರೆದರೆ ಸಾಕು. ಬಂದ ಚಿತ್ರಗಳೆಲ್ಲ ಕುಗ್ಗಿ ಬಣ್ಣದ ಇಟ್ಟಿಗೆಗಳಾಗಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಕೆಳಗೊಂದು ಪಟ್ಟಿ, ಪುಟಿಯುವ ಒಂದು ಚೆಂಡು. ಚೆಂಡು ತಗುಲಿದ ಇಟ್ಟಿಗೆ ಮಾಯ. ಹುಡುಕಿದ ಫಲವನ್ನೇ ಒಡೆದು ಆಡುವ ಈ ಯುಕ್ತಿಯನ್ನು ಮೆಚ್ಚದವರು ವಿರಳ.

ಈ ಆಟದ ಮೂಲರೂಪ 1976ರದು, ಅದೂ ಅಟಾರಿಯದೇ. ಅದರ ಹಿಂದೆಯೂ ಹೆಸರು ಮತ್ತು ಹಣದ ಒಂದು ಕಥೆಯಿದೆ. ಆದಷ್ಟು ಕಡಿಮೆ ಬಿಡಿಭಾಗಗಳಲ್ಲಿ ಅದರ ಯಂತ್ರವನ್ನು ರೂಪಿಸುವ ಕೆಲಸವನ್ನು ಸಂಸ್ಥೆ ಸ್ಟೀವ್ ಜಾಬ್ಸ್ ಎಂಬ ತರುಣ ನೌಕರನಿಗೆ ವಹಿಸಿತು. ಅವನು ಗೆಳೆಯ ಸ್ಟೀವ್ ವಾಜ್ನಿಯಾಕ್‌ನನ್ನು ಕರೆದ. ವಾಜ್ನಿಯಾಕ್ ಹಗಲು ಬೇರೊಂದು ಕಂಪನಿಯಲ್ಲಿ ದುಡಿದು, ನಾಲ್ಕು ರಾತ್ರಿ ನಿದ್ದೆಗೆಟ್ಟು ಅದನ್ನು ಮುಗಿಸಿಕೊಟ್ಟ. 700 ಡಾಲರ್ ಬರುವುದೆಂದು ಹೇಳಿ ಅದರ ಅರ್ಧ 350ನ್ನು ಜಾಬ್ಸ್ ತನಗೆ ಕೊಟ್ಟನೆಂದೂ, ಸಂಸ್ಥೆ ಅವನಿಗೆ ನಿಜವಾಗಿ ಕೊಟ್ಟದ್ದು ಸಾವಿರಾರು ಡಾಲರ್‌ಗಳೆಂದು ವರ್ಷಗಳಾದ ಮೇಲೆ ತಿಳಿಯಿತೆಂದೂ ವಾಜ್ನಿಯಾಕ್ ಹೇಳಿದ್ದಾರೆ. ಜಾಬ್ಸ್ ಇದನ್ನು ಒಪ್ಪಲಿಲ್ಲ. ಇಷ್ಟೆಲ್ಲ ಆಗಿಯೂ ವಾಜ್ನಿಯಾಕ್‌ರ ವಿನ್ಯಾಸ ಕಾರ್ಖಾನೆಗೆ ಒಗ್ಗದಷ್ಟು ಬಿಗಿಯಾಗಿದ್ದುದರಿಂದ, ಮಾರಾಟವಾದ ಯಂತ್ರವನ್ನು ಬೇರೆ ರೀತಿಯಲ್ಲಿಯೇ ಕಟ್ಟಬೇಕಾಯಿತು. ಆ ಇಬ್ಬರೂ ಕೂಡಿ ಬಳಿಕ ಆ್ಯಪಲ್ ಸಂಸ್ಥೆಯನ್ನು ಸ್ಥಾಪಿಸಿದ್ದು ಎಲ್ಲರೂ ಬಲ್ಲ ವಿಷಯ.

ಗೂಗಲ್‌ನ ಬ್ರೇಕ್‌ಔಟ್ ಕೆಲವು ವರ್ಷ ಇದ್ದು ಒಂದು ದಿನ ಸದ್ದಿಲ್ಲದೆ ಹೊರಟುಹೋಯಿತು. 2012ರಲ್ಲಿ ಬಂದಿದ್ದ ‘ಜರ್ಗ್ ರಶ್’ ಎಂಬುದರ ಗತಿಯೂ ಅದೇ. ಅದರಲ್ಲಿ ಸೊನ್ನೆಯಾಕಾರದ ಅಕ್ಷರಗಳು ಇರುವೆಯ ದಂಡಿನಂತೆ ಮುತ್ತಿ ಪುಟದ ಸಾಲುಗಳನ್ನೇ ತಿಂದುಹಾಕುತ್ತಿದ್ದವು, ಓದುವವನು ಅವನ್ನು ಒತ್ತಿ ಒತ್ತಿ ಕೊಲ್ಲಬೇಕಾಗಿತ್ತು. ಗೂಗಲ್ ಎಂಬುದನ್ನೇ ತಿರುಗುಮುರುಗಾಗಿಸಿ ‘ಎಲ್‌ಗೂಗ್’ ಎಂದು ಹೆಸರಿಟ್ಟುಕೊಂಡ ತಾಣವೊಂದು, ಸಂಸ್ಥೆಗೆ ಸಂಬಂಧವಿಲ್ಲದ ಉತ್ಸಾಹಿಗಳ ಕೈಯಲ್ಲಿ, ಇಂತಹ ಕಳೆದುಹೋದ ಆಟಗಳನ್ನು ಮತ್ತೆ ಕಟ್ಟಿ ಇಟ್ಟಿದೆ. ರಾಬಿನೆಟ್‌ನ ಕೋಣೆ ಹಳೆಯ ಪೆಟ್ಟಿಗೆ ಉಳಿದಿರುವ ಪ್ರತಿ ಮನೆಯಲ್ಲಿಯೂ ಇಂದಿಗೂ ಇದೆ. ಅದನ್ನು ಯಾರೂ ಹಿಂದಕ್ಕೆ ಕರೆಯಲಾರರು. ಹುಡುಕುಯಂತ್ರದ ಆಟ ಹಾಗಲ್ಲ. ಅದು ಯಾರ ಮನೆಯಲ್ಲಿಯೂ ಇರುವುದಿಲ್ಲ. ದೂರದ ಯಂತ್ರಾಗಾರದಲ್ಲಿದ್ದು, ಒಡೆಯರು ದೀಪ ಆರಿಸಿದರೆ ಎಲ್ಲರ ಪರದೆಯಿಂದಲೂ ಒಟ್ಟಿಗೇ ಅಳಿಸಿಹೋಗುತ್ತದೆ. ಮತ್ತೊಂದು ವ್ಯತ್ಯಾಸವೂ ಉಂಟು. ರಾಬಿನೆಟ್ ಧಣಿಗಳಿಂದ ಅಡಗಿಸಿದ್ದ. ಗೂಗಲ್‌ನಲ್ಲಿ ಅಡಗಿಸಿದವರು ಧಣಿಗಳೇ. ಬಾಗಿಲಷ್ಟೇ ಗುಪ್ತ, ಮನೆ ಗುಪ್ತವಲ್ಲ. ಯಾವ ಅಂಗುಟ್ಟಿನಲ್ಲಿ ಕೆಲಸಗಾರ ತನ್ನ ಹೆಸರನ್ನು ಉಳಿಸಿಕೊಂಡಿದ್ದನೋ, ಅದೇ ಗುಟ್ಟಿನಾಟದಲ್ಲಿ ಈಗ ರಚಿಸಿದವನ ಹೆಸರು ಮತ್ತೆ ಕಾಣೆಯಾಗಿರುವುದು ವಿಚಿತ್ರ.

ನಿಜವಾದ ಗುಪ್ತತೆಗೆ ದೊಡ್ಡ ಸಂಸ್ಥೆಗಳು ಒಪ್ಪದಿರುವುದಕ್ಕೆ ಕಾರಣವಿಲ್ಲದೆ ಇಲ್ಲ. ಲೆಕ್ಕಪತ್ರಕ್ಕಾಗಿ ಮೈಕ್ರೋಸಾಫ್ಟ್ ಮಾರಿದ ಎಕ್ಸೆಲ್ 97ರ ಒಳಗೆ ಬೆಟ್ಟಗುಡ್ಡಗಳ ಮೇಲೆ ಹಾರಾಡುವ ಒಂದು ವಿಮಾನದಾಟವೇ ಅಡಗಿತ್ತು. ಹಾರುತ್ತ ಹೋದರೆ ಕಟ್ಟಿದವರ ಹೆಸರುಗಳು ಕಾಣುತ್ತಿದ್ದವು. 2002ರಲ್ಲಿ ಬಿಲ್ ಗೇಟ್ಸ್ ಎಲ್ಲಕ್ಕಿಂತ ವಿಶ್ವಾಸಾರ್ಹತೆ ಮುಖ್ಯವೆಂದು ಸಾರಿದ ಬಳಿಕ ಆ ಸಂಸ್ಥೆ ಇಂತಹ ವಿನೋದಕ್ಕೆ ತೆರೆ ಎಳೆಯಿತು. ಬ್ಯಾಂಕು ಸರ್ಕಾರಗಳ ಲೆಕ್ಕ ಬರೆಯುವ ಸಾಧನದಲ್ಲಿ, ಮಾರುವವನಿಗೇ ಪೂರ್ತಿ ತಿಳಿಯದ ಭಾಗವೊಂದಿದ್ದರೆ ಕೊಳ್ಳುವವನು ನಂಬುವುದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ.

ಸಂಪರ್ಕವಿಲ್ಲದವರ ಸಂಗಾತಿ

ಇವೆಲ್ಲವುಗಳ ನಡುವೆ ಹುಡುಕುವವನಿಗಿಂತ ಹುಡುಕಲಾಗದವನಿಗೆ ದೊರೆಯುವ ಆಟವೊಂದಿದೆ. ಗೂಗಲ್‌ನದೇ ಕ್ರೋಮ್ ಬ್ರೌಸರಿನಲ್ಲಿ ಏನನ್ನಾದರೂ ಹುಡುಕುವಾಗ ಅಂತರಜಾಲದ ಸಂಪರ್ಕ ಕಡಿದುಹೋದರೆ, ಬರಿದಾದ ಪರದೆಯ ಮೇಲೆ ಬೂದು ಬಣ್ಣದ ಪುಟ್ಟ ಡೈನೋಸಾರ್ ನಿಂತಿರುತ್ತದೆ. ಸಂಪರ್ಕವಿಲ್ಲದವನು ಇತಿಹಾಸಪೂರ್ವ ಯುಗಕ್ಕೆ ಹೋದಂತೆ ಎಂಬ ಹಾಸ್ಯ ಅದು. ಬಹು ಮಂದಿ ಅದನ್ನು ಬರಿಯ ಚಿತ್ರವೆಂದೇ ಬಗೆದಿದ್ದಾರೆ. ಕೀಲಿಮಣೆಯ ಉದ್ದನೆಯ ಸ್ಪೇಸ್ ಪಟ್ಟಿಯನ್ನು ಒಮ್ಮೆ ಒತ್ತಿದರೆ, ಫೋನಾದರೆ ಚಿತ್ರವನ್ನು ಮುಟ್ಟಿದರೆ, ಪ್ರಾಣಿ ಮರುಭೂಮಿಯಲ್ಲಿ ಓಡತೊಡಗುತ್ತದೆ. ಪಾಪಾಸುಕಳ್ಳಿ ಬಂದರೆ ಹಾರಬೇಕು. ಮುಂದೆ ಹೋದಂತೆ ರೆಕ್ಕೆಯ ಉರಗಗಳು ಹಾರಿಬರುತ್ತವೆ, ಬಗ್ಗಬೇಕು. ಹಗಲು ಕಳೆದು ರಾತ್ರಿಯಾಗುತ್ತದೆ, ವೇಗ ಏರುತ್ತದೆ. ಸೆಬಾಸ್ಟಿಯನ್ ಗೇಬ್ರಿಯಲ್, ಅಲನ್ ಬೆಟ್ಟೆಸ್, ಎಡ್ವರ್ಡ್ ಜಂಗ್ ಎಂಬ ಮೂವರು 2014ರಲ್ಲಿ ಇದನ್ನು ಸೃಷ್ಟಿಸಿದರು. ಪ್ರಾಣಿಗೆ ಗರ್ಜನೆಯನ್ನೂ ಕೊಡಬೇಕೆಂದು ಯೋಚಿಸಿ, ಹಳೆಯ ಆಟಗಳ ಸರಳತೆ ಕೆಡಬಾರದೆಂದು ಬಿಟ್ಟುಬಿಟ್ಟರಂತೆ. ಇದಕ್ಕೆ ಕೊನೆಯೇ ಇಲ್ಲವೇ ಎಂದು ಕೇಳಿದ್ದಕ್ಕೆ ಅವರ ಉತ್ತರ, ಸುಮಾರು 1 ಕೋಟಿ 70 ಲಕ್ಷ ವರ್ಷ ಆಡಿದರೆ ಮುಗಿಯಬಹುದು ಎಂದು!

2018ರಲ್ಲಿ ಗೂಗಲ್ ಪ್ರಕಟಿಸಿದ ಲೆಕ್ಕದಂತೆ ತಿಂಗಳಿಗೆ 27 ಕೋಟಿ ಸಲ ಈ ಆಟ ನಡೆಯುತ್ತಿತ್ತು. ಹೆಚ್ಚಾಗಿ ಆಡುತ್ತಿದ್ದವರು ಮೊಬೈಲ್ ಸಂಪರ್ಕ ನೆಚ್ಚಲಾಗದ ಅಥವಾ ದುಬಾರಿಯಾದ ನಾಡುಗಳವರು. ಹೆಸರಿಸಿದ ದೇಶಗಳಲ್ಲಿ ಮೊದಲನೆಯದು ಭಾರತ, ಬಳಿಕ ಬ್ರೆಜಿಲ್, ಮೆಕ್ಸಿಕೊ, ಇಂಡೊನೇಷ್ಯಾ. ಆಟ ಯಂತ್ರದಲ್ಲಿಯೇ ಇರುವುದರಿಂದ ಅದಕ್ಕೆ ಸಂಪರ್ಕವೂ ಬೇಡ, ಹಣವೂ ಬೇಡ. ಸುರಂಗದಲ್ಲಿ ನಿಂತ ರೈಲಿನಲ್ಲಿ, ಮಳೆಗೆ ತಂತಿ ಕಡಿದ ಸಂಜೆಯಲ್ಲಿ, ರೀಚಾರ್ಜು ಮುಗಿದ ಫೋನಿನಲ್ಲಿ ಅದು ಜೊತೆಗಿರುತ್ತದೆ.

ಶಾಲೆಯ ಹುಡುಗರೂ, ಕೆಲಸ ಮಾಡಬೇಕಾಗಿದ್ದ ದೊಡ್ಡವರೂ ಅದಕ್ಕೆ ಮರುಳಾದ ಕಾರಣ, ಶಾಲೆ ಕಚೇರಿಗಳ ಯಂತ್ರಗಳಲ್ಲಿ ಆಟವನ್ನು ನಿಲ್ಲಿಸುವ ಅಧಿಕಾರವನ್ನು ಅವುಗಳ ಮೇಲ್ವಿಚಾರಕರಿಗೆ ಕೊಡಬೇಕಾಯಿತು. ಅಂತಹ ಯಂತ್ರದಲ್ಲಿ ಸಂಪರ್ಕ ಕಡಿದಾಗಲೂ ಡೈನೋಸಾರ್ ಕಾಣಿಸಿಕೊಳ್ಳುತ್ತದೆ. ಆದರೆ ಎಷ್ಟು ಒತ್ತಿದರೂ ಕದಲುವುದಿಲ್ಲ. ಅದರ ತಲೆಯ ಮೇಲಿನ ಆಕಾಶದಿಂದ ಉರಿಯುವ ಉಲ್ಕೆಯೊಂದು ಇಳಿದು ಬರುತ್ತಿರುತ್ತದೆ.